ಅರಳುಮರುಳೆಂದು ಕೈಬಿಡದಿರೋಣ

ಆಂಟಾಪ್ ಹಿಲ್ಲಿನ ಕೇಂದ್ರ ಸರಕಾರಿ ನೌಕರರ ಕಾಲೊನಿಯಲ್ಲಿ ಒಂದನ್ನೊಂದು ಹೋಲುವ ಕಟ್ಟಡಗಳು ಅನೇಕ. ಹೊಸಬರು ದಾರಿ ತಪ್ಪುವುದು ಸಹಜ. ಆದರೆ ಮೂವತ್ತು ವರ್ಷ ಅಲ್ಲಿಗೆ ಚಹಾ ತಿಂಡಿ ಒಯ್ದವರೇ ಅಲ್ಲಿ ದಾರಿ ಕಾಣದೆ ನಿಂತರೆ? ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಹಿರಿಯ ಸಪ್ಲಾಯರೊಬ್ಬರಿಗೆ ಹೀಗಾಯಿತು. ಹತ್ತು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಡುತ್ತಿದ್ದ ಅವರು ಬಿಲ್ಲಿನಲ್ಲಿ ತಪ್ಪತೊಡಗಿದಾಗ ನಾವು ಗದರಿದ್ದೆವು. ‘ಅರವತ್ತಕ್ಕೆ ಅರಳುಮರುಳು’ ಎಂದು ನಕ್ಕುದೂ ಉಂಟು. ಅವರು ಊರು ಸೇರಿದ ಮೇಲೆ ವೈದ್ಯರು ಅದನ್ನು ಆಲ್ಜೈಮರ್ ರೋಗವೆಂದು ಗುರುತಿಸಿದರಂತೆ. ಆ ಗದರಿಕೆ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ವಯಸ್ಸಾದಂತೆ ಹೆಸರೊಂದು ತಟ್ಟನೆ ಹೊಳೆಯದಿರುವುದು ಬೇರೆ. ಪರಿಚಿತ ದಾರಿಯನ್ನೇ ಮರೆಯುವುದು ಬೇರೆ. ಎರಡನೆಯದು ಮೆದುಳಿನ ರೋಗದ ಲಕ್ಷಣವಾಗಿರಬಹುದು. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ಈ ರೋಗವನ್ನು ಮೊದಲು ವರ್ಣಿಸಿದರು. ಇದನ್ನು ಗುಣಪಡಿಸಬಲ್ಲ ಔಷಧ ಇನ್ನೂ ಇಲ್ಲ. ಹಾಗೆಂದು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ 14 ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದಲ್ಲಿ ಮರೆವಿನ ರೋಗಗಳಲ್ಲಿ ನೂರಕ್ಕೆ ಸುಮಾರು 45ನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯಪಾನ, ದೇಹಶ್ರಮದ ಅಭಾವ, ಕಿವಿ ಮಂದವಾಗುವುದು, ಒಂಟಿತನ ಇವು ಆ ಪಟ್ಟಿಯಲ್ಲಿವೆ.

ಇದನ್ನೋದಿದಾಗ ನಮ್ಮವರ ಬಾಳೇ ಕಣ್ಣೆದುರು ಬಂತು. ದಿನವಿಡೀ ಗಲ್ಲೆಯಲ್ಲಿ ಕುಳಿತ ಮೆನೇಜರರಿಗೆ ನಡಿಗೆಯಿಲ್ಲ. ಗುಮಾಸ್ತರಿಗೆ ಕಚೇರಿಯ ಕುರ್ಚಿ, ಬಳಿಕ ಲೋಕಲ್ ಗಾಡಿ. ಅಡುಗೆಯವರಿಗೆ ಬಿಡುವೆಂದರೆ ಬೀಡಿ. ಸಂಸಾರ ಊರಿನಲ್ಲಿ, ತಾವು ಇಲ್ಲಿ. ರಕ್ತದೊತ್ತಡವನ್ನು ಅಳೆಯಿಸದೆ ವರ್ಷಗಳೇ ಉರುಳುತ್ತವೆ.

ಆದರೆ ನಮ್ಮ ಗಂಟಿನಲ್ಲಿ ಒಂದು ಆಸ್ತಿಯೂ ಉಂಟು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ನಿರಕ್ಷರಿಗಳಲ್ಲಿಯೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ತುಳು, ಪತ್ರಿಕೆಯಲ್ಲಿ ಕನ್ನಡ, ಗಿರಾಕಿಗಳೊಡನೆ ಮರಾಠಿ, ಹಿಂದಿ ಎಂದು ಬಾಳುವ ನಮ್ಮವರಿಗೆ ಇದು ಸಂತೋಷದ ಸುದ್ದಿ. ಆದರೂ ನಾಲ್ಕು ಭಾಷೆ ಬಲ್ಲ ನಮ್ಮ ಸಪ್ಲಾಯರಿಗೂ ರೋಗ ಬಂದಿತಷ್ಟೆ; ಇದೊಂದನ್ನೇ ನೆಚ್ಚುವಂತಿಲ್ಲ.

ಆದುದರಿಂದ ನಲವತ್ತರಲ್ಲಿಯೇ ಎಚ್ಚರಗೊಳ್ಳತಕ್ಕದ್ದು. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿರಿ. ಬೀಡಿಯನ್ನು ಬಿಡಿರಿ, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಮಿತಿಯಿರಲಿ. ಮಾಟುಂಗದ ಫೈವ್ ಗಾರ್ಡನ್ಸ್ ಕಡೆಗೆ ಅರ್ಧ ತಾಸು ಬಿರುಸಾಗಿ ನಡೆಯಲು ಕಾಸು ಬೇಡ. ರಜೆಯ ದಿನ ಕೋಣೆಯಲ್ಲಿ ಒಬ್ಬರೇ ಮಲಗಿರದೆ ಮೈಸೂರು ಅಸೋಸಿಯೇಷನ್ನಿನಂತಹ ನಮ್ಮ ಸಂಸ್ಥೆಗಳ ನಾಟಕ, ಭಾಷಣಗಳಿಗೆ ಹೋಗಿ ನಾಲ್ಕು ಜನರೊಡನೆ ಬೆರೆಯಿರಿ. ಅರವತ್ತು ದಾಟಿದವರೂ ನಿರಾಶರಾಗಬೇಡಿರಿ. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1260 ಮಂದಿಯ ಮೇಲೆ ಎರಡು ವರ್ಷ ಪ್ರಯೋಗ ನಡೆಯಿತು. ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡ ಮುಂತಾದವುಗಳ ತಪಾಸಣೆ ಈ ಎಲ್ಲವನ್ನೂ ಪಾಲಿಸಿದವರ ಬುದ್ಧಿಶಕ್ತಿಯು ಉಳಿದವರಿಗಿಂತ ಮೇಲಾಗಿತ್ತೆಂದು 2015ರಲ್ಲಿ ಪ್ರಕಟವಾಯಿತು.

ಹೋಟೆಲು ಯಜಮಾನರಲ್ಲಿ ಒಂದು ವಿನಂತಿ. ಹಳೆಯ ಕೆಲಸಗಾರರು ಲೆಕ್ಕದಲ್ಲಿ ಪದೇ ಪದೇ ತಪ್ಪಿದರೆ ಗದರಬೇಡಿರಿ. ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾವು ಇದನ್ನು ತಡವಾಗಿ ಕಲಿತೆವು.