ಅಕ್ಷಯನೀವಿಯೂ ಗಾಳಿಯಂತ್ರವೂ: ಘಟಪ್ರಭಾ ಪ್ರಾಂತವನ್ನು ಕುರಿತು ಒಂದು ವಿಚಾರ

ನೀವೀ, ಪರಿಪಣ, ಮೂಲಧನ ಎಂಬ ಮೂರು ಶಬ್ದಗಳನ್ನು ಅಮರಕೋಶವು ಪರ್ಯಾಯಗಳನ್ನಾಗಿ ಹೇಳಿದೆ. ಮೂಲವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ವಿನಿಯೋಗಿಸತಕ್ಕ ದತ್ತಿಗೆ ಶಾಸನಗಳಲ್ಲಿ ಅಕ್ಷಯನೀವಿಯೆಂದು ಹೆಸರು. ನಾಸಿಕದ ಗುಹಾಶಾಸನವೊಂದರಲ್ಲಿ ಉಷವದಾತನು ಗೋವರ್ಧನದ ನೇಯ್ಗೆಕಾರರ ಶ್ರೇಣಿಗಳಲ್ಲಿ ೩,೦೦೦ ಕಾರ್ಷಾಪಣಗಳನ್ನು ಹೀಗೆ ಇರಿಸಿದನು. ಅವುಗಳಲ್ಲಿ ೨,೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದು, ೧,೦೦೦ಕ್ಕೆ ಮುಕ್ಕಾಲು ಬಡ್ಡಿ. ನಂದಾದೀಪಕ್ಕೆಂದು ಗದ್ಯಾಣಗಳನ್ನು ಬಿಟ್ಟು ಅವುಗಳ ಬಡ್ಡಿಯಿಂದ ಎಣ್ಣೆಯನ್ನು ಸಲ್ಲಿಸುವ ಕಟ್ಟಳೆಗಳು ಕನ್ನಡ ಶಾಸನಗಳಲ್ಲಿಯೂ ಉಂಟು. ನೀರು, ಗಾಳಿ, ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯುವ ಉದ್ಯಮದಲ್ಲಿ ಧನವನ್ನು ಹೂಡುವ ಬಗೆಯನ್ನು ಈ ಶಬ್ದದ ಸಹಾಯದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶವು.

ಕಲ್ಲಿದ್ದಲನ್ನು ಸುಡುವುದು ಭೂಮಿಯ ಮೂಲಧನವನ್ನೇ ತಿಂದಂತೆ. ಗಾಳಿಯನ್ನು ಬಳಸುವುದು ಬಡ್ಡಿಯನ್ನು ಉಂಡಂತೆ. ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಗಾಳಿಯು ಅಕ್ಷಯವಾದರೂ ಯಂತ್ರವು ಅಕ್ಷಯವಲ್ಲ. ಅದರ ಆಯುಸ್ಸು ಸುಮಾರು ೨೦ರಿಂದ ೨೫ ವರ್ಷಗಳು. ಉರುವಲಿಗೆ ಬೆಲೆಯಿಲ್ಲದ್ದರಿಂದ ವೆಚ್ಚದ ಬಹುಭಾಗವು ಮೊದಲಲ್ಲಿಯೇ ಬೀಳುವುದು. ಆದುದರಿಂದ ಸಾಲದ ಬಡ್ಡಿಯೇ ವಿದ್ಯುತ್ತಿನ ದರವನ್ನು ಬಹುಮಟ್ಟಿಗೆ ನಿರ್ಣಯಿಸುವುದು. ವರ್ಷವರ್ಷದ ಉತ್ಪನ್ನದಲ್ಲಿ ಒಂದು ಪಾಲನ್ನು ಮೂಲಕ್ಕೆ ಹಿಂದಿರುಗಿಸದವನ ನೀವಿಯು ಕ್ಷಯಿಸುವುದು.

ಈ ವಿಚಾರಕ್ಕೆ ಘಟಪ್ರಭಾ ಪ್ರಾಂತವು ಉತ್ತಮ ನಿದರ್ಶನವು. ಸುಮಾರು ೧೭೧ ಅಡಿ ಎತ್ತರದಿಂದ ಧುಮುಕುವ ಗೋಕಾವಿಯ ಜಲಪಾತದಲ್ಲಿ ೧೮೮೭ರಲ್ಲಿಯೇ ವಿದ್ಯುತ್ತು ಹುಟ್ಟಿತೆಂದು ಪ್ರಸಿದ್ಧಿ. ಅಲ್ಲಿ ನೀರಿನ ಬಲವು ಹತ್ತಿಯ ಗಿರಣಿಗೆ ಸಂದಿತು, ಬಂಡವಾಳವು ಕಂಪನಿಯದು. ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ, ೫೧ ಟಿ.ಎಂ.ಸಿ. ನೀರನ್ನು ಹಿಡಿಯುವ ರಾಜಾ ಲಖಮಗೌಡ ಜಲಾಶಯಕ್ಕೆ ಸೇರಿದ ೩೨ ಮೆಗಾವ್ಯಾಟಿನ ವಿದ್ಯುದಾಗಾರವಿದೆ. ಇದರ ಬಂಡವಾಳವು ಸರಕಾರದ್ದು. ಮೂರನೆಯದಾಗಿ, ೧೯೬೯ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಇದು ವಿದ್ಯುತ್ತನ್ನು ಉತ್ಪಾದಿಸದೆ ಹಂಚುವ ಸಂಸ್ಥೆಯಾದರೂ, ಇದರಲ್ಲಿ ದೀಪವನ್ನು ಉರಿಸುವವನೇ ಪಾಲುದಾರನು. ಒಂದೇ ನದಿಯ ಆಸುಪಾಸಿನಲ್ಲಿ ಒಡೆತನದ ಮೂರು ಬಗೆಗಳನ್ನು ಹೀಗೆ ಕಾಣಬಹುದು.

ಇನ್ನು ಗಾಳಿಯ ವಿಷಯ. ಇದೇ ಜಿಲ್ಲೆಯ ಸವದತ್ತಿಯ ಗುಡ್ಡಗಳಲ್ಲಿಯೂ ಗದಗಿನ ಕಪ್ಪತಗುಡ್ಡದಲ್ಲಿಯೂ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನವನ್ನು ಅನುಸರಿಸುವುದು. ವೇಗವು ಇಮ್ಮಡಿಯಾದರೆ ಶಕ್ತಿಯು ಎಂಟುಮಡಿ. ಎಣಿಸಿದ ವೇಗಕ್ಕಿಂತ ನಿಜವಾದ ವೇಗವು ಹತ್ತರಲ್ಲೊಂದು ಪಾಲು ಕಡಮೆಯಾದರೆ ಶಕ್ತಿಯು ನೂರಕ್ಕೆ ೨೭ರಷ್ಟು ಕುಗ್ಗುವುದು. ಆದುದರಿಂದ ಧನವನ್ನು ಹೂಡುವವನು ಮೊದಲು ಗುಡ್ಡದ ಮೇಲಿನ ಗಾಳಿಯನ್ನು ವರ್ಷವಿಡೀ ಅಳೆಯಿಸಬೇಕು.

ಋತುಗಳ ಲೆಕ್ಕವೂ ಅಷ್ಟೇ ಮುಖ್ಯವು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಗಾಳಿಯೂ ಹೊಳೆಯೂ ಒಟ್ಟಿಗೆ ಬಲಿಯುವುವು. ಚಳಿಗಾಲದಲ್ಲಿ ಕಬ್ಬು ನುರಿಯುವ ಹಂಗಾಮು. ಈ ಸೀಮೆಯ ಸಕ್ಕರೆಯ ಕಾರಖಾನೆಗಳು ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತನ್ನು ತೆಗೆಯಬಲ್ಲವು. ಬೇಸಗೆಯಲ್ಲಿ ಬಿಸಿಲು. ಒಂದನ್ನೇ ನಂಬಿದವನಿಗೆ ವರ್ಷದ ಕೆಲವು ತಿಂಗಳು ಉಪವಾಸ. ಮೂರನ್ನೂ ಹೊಂದಿಸಿದವನಿಗೆ ಆದಾಯವು ಹೆಚ್ಚು ಸಮನಾಗಿ ಬರುವುದು.

ಪರದೇಶದವರು ಸರಕಾರದ ಪೂರ್ವಾನುಮತಿಯಿಲ್ಲದೆ ಈ ಉದ್ಯಮದಲ್ಲಿ ನೂರಕ್ಕೆ ನೂರು ಪಾಲನ್ನು ಹೂಡಬಹುದೆಂದು ಭಾರತದ ನಿಯಮವಿದೆ. ಬಂಡವಾಳವು ಹೊರಗಿನಿಂದ ಬರುವುದು ದೋಷವಲ್ಲ. ಆದರೆ ಗುಡ್ಡದ ಊರವರಿಗೆ ನೆಲದ ಬಾಡಿಗೆ ಮಾತ್ರ ಉಳಿದು, ಫಲವೆಲ್ಲವೂ ದೂರದವರಿಗೆ ಹೋಗಬೇಕೆಂಬ ನಿಯಮವೇನೂ ಇಲ್ಲ. ವಿದ್ಯುತ್ತನ್ನು ಬಳಸುವವರು ಉತ್ಪಾದನಾ ಕೇಂದ್ರದಲ್ಲಿ ನೂರಕ್ಕೆ ೨೬ಕ್ಕೆ ಕಡಮೆಯಿಲ್ಲದ ಒಡೆತನವನ್ನು ಪಡೆದು, ಉತ್ಪನ್ನದ ನೂರಕ್ಕೆ ೫೧ಕ್ಕೆ ಕಡಮೆಯಿಲ್ಲದ ಭಾಗವನ್ನು ತಾವೇ ಬಳಸಿದರೆ ಅದು ಸ್ವಂತ ಬಳಕೆಯ ಕೇಂದ್ರವೆನಿಸುವುದೆಂದು ೨೦೦೫ರ ವಿದ್ಯುತ್ ನಿಯಮಗಳು ವಿಧಿಸಿವೆ. ಸಹಕಾರಿ ಸಂಘವಾದರೆ ಅದರ ಸದಸ್ಯರು ಒಟ್ಟಾಗಿ ಈ ವಿಧಿಯನ್ನು ಪೂರೈಸಿದರೆ ಸಾಕು. ಹುಕ್ಕೇರಿಯವರು ಹಂಚಿಕೆಯಲ್ಲಿ ಸಾಧಿಸಿದುದನ್ನು ಉತ್ಪಾದನೆಯಲ್ಲಿಯೂ ಸಾಧಿಸಲು ಇಲ್ಲಿ ಎಡೆಯಿದೆ.

ಪೂರ್ವಿಕರು ನೀವಿಯನ್ನು ಶ್ರೇಣಿಯ ಕೈಯಲ್ಲಿ ಇಟ್ಟರು; ಮೂಲವು ಊರಿನಲ್ಲಿಯೇ ನಿಂತು, ಬಡ್ಡಿಯಿಂದ ದೀಪವು ಉರಿಯಿತು. ಗಾಳಿಯ ವಿಷಯದಲ್ಲಿಯೂ ಯಾವ ಯಂತ್ರವು ಲೇಸೆಂಬ ಪ್ರಶ್ನೆಗಿಂತ ನೀವಿಯು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯೇ ಮೊದಲು ವಿಚಾರಾರ್ಹವಾದುದು.