ಚೀಲದ ಪಕ್ಕದ ಉಬ್ಬು

ದೊಡ್ಡಮ್ಮ ಅದನ್ನು ಮೊದಲು ಕಂಡದ್ದು ಬಚ್ಚಲುಮನೆಯಲ್ಲಿ. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿ 10 ತಿಂಗಳಾಗಿತ್ತು. ಹೊಕ್ಕುಳಿನ ಎಡಕ್ಕೆ, ತುಸು ಕೆಳಗೆ, ಕರುಳಿನ ತುದಿಯನ್ನು ಹೊರಗೆ ತಂದು ಹೊಲಿದಿದ್ದರು. ಅದರ ಮೇಲೆ ಚೀಲ. ಚೀಲ ಬಿಚ್ಚುವುದು, ತೊಳೆಯುವುದು, ಹೊಸದು ಅಂಟಿಸುವುದು ಎಲ್ಲ ಅಷ್ಟರಲ್ಲಿ ಅವಳಿಗೆ ತಲೆ ಬಾಚಿಕೊಂಡಷ್ಟು ಸಲೀಸಾಗಿತ್ತು. ಅವತ್ತು ನೀರು ಹುಯ್ದುಕೊಳ್ಳುವಾಗ ಕೆಮ್ಮು ಬಂತು. ಕೆಮ್ಮಿದ್ದೇ ತಡ, ಚೀಲದ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಏನೋ ಉಬ್ಬಿ ನಿಂತಿತು. ಹೋಗಿ ಮಲಗಿದರೆ ಇಲ್ಲ. ಎದ್ದರೆ ಮತ್ತೆ ಇದೆ.

ಮೂರು ವಾರ ಯಾರಿಗೂ ಹೇಳಲಿಲ್ಲ. ಒಂದು ದಿನ ದೊಡ್ಡಪ್ಪ ತೋಟಕ್ಕೆ ಹೋದ ಮೇಲೆ ನನಗೆ ಫೋನು ಮಾಡಿ, ಗೋಡೆಗೂ ಕೇಳಿಸದ ಹಾಗೆ ಅಂದಳು: “ಅದು ತಿರ್ಗಾ ಬಂದೈತೆ ಕಣ್ ಮಗಾ.”

ಬಂದದ್ದು ಕ್ಯಾನ್ಸರ್ ಅಲ್ಲ, ಹರ್ನಿಯಾ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಕೊಟ್ಟ ಕಾಗದವನ್ನು ತೆಗೆದು ನೋಡಿದೆ. ಮಾತ್ರೆಗಳ ಪಟ್ಟಿ ಇತ್ತು, ಚೀಲದ ಅಳತೆ ಇತ್ತು, ಮುಂದಿನ ತಪಾಸಣೆಯ ತಾರೀಖು ಇತ್ತು. ಹರ್ನಿಯಾ ಎಂಬ ಒಂದು ಪದ ಇರಲಿಲ್ಲ. ‘ಮುಂದೆ ಹೀಗೊಂದು ಉಬ್ಬು ಬರಬಹುದು, ಬಂದರೆ ಹೆದರದೆ ಬಂದು ತೋರಿಸಿ’ ಎಂದು ಯಾರಾದರೂ ಹೇಳಿ ಕಳಿಸಿದ್ದರೆ ಆ ಮೂರು ವಾರ ಅವಳು ನಿದ್ದೆಗೆಡುತ್ತಿರಲಿಲ್ಲ. ಈ ಲೇಖನ ಬರೆಯಲು ಕಾರಣವೇ ಅದು.

ಹೀಗೆ ಹೊಟ್ಟೆಯ ಮೇಲೆ ಮಾಡುವ ದಾರಿಗೆ ಸ್ಟೋಮಾ ಎನ್ನುತ್ತಾರೆ, ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಾಯಿ. ದೊಡ್ಡ ಕರುಳನ್ನು ಹೊರತಂದರೆ ಕೊಲಾಸ್ಟಮಿ, ಸಣ್ಣ ಕರುಳನ್ನು ತಂದರೆ ಇಲಿಯಾಸ್ಟಮಿ, ಮೂತ್ರಕ್ಕೆ ದಾರಿ ಮಾಡಿದರೆ ಯುರಾಸ್ಟಮಿ. ನಮ್ಮ ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೂ ಗಾಬರಿಯಿಲ್ಲ.

ತೊಂದರೆ ಇರುವುದು ಅದರ ಹಿಂದಿನ ಗೋಡೆಯಲ್ಲಿ. ಹೊಟ್ಟೆಯ ಸ್ನಾಯುಗಳು ಒಳಗಿನದ್ದನ್ನೆಲ್ಲ ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಕರುಳನ್ನು ಹೊರತರಬೇಕಾದರೆ ಅಲ್ಲೊಂದು ಕಂಡಿ ಮಾಡದೆ ವಿಧಿಯಿಲ್ಲ. ಸಾಮಾನ್ಯವಾಗಿ ಬೇರೆ ಆಪರೇಷನ್ ಆದರೆ ಕೊಯ್ದದ್ದನ್ನು ಹೊಲಿದು ಮುಚ್ಚುತ್ತಾರೆ. ಇದನ್ನು ಮಾತ್ರ ತೆರೆದೇ ಬಿಡಬೇಕು. ಕೆಮ್ಮಿದಾಗ, ಸೀನಿದಾಗ, ತಿಣುಕಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಆ ದುರ್ಬಲ ಜಾಗಕ್ಕೆ ನುಗ್ಗುತ್ತದೆ. ದಿನ ಕಳೆದಂತೆ ಕಂಡಿ ಸಡಿಲವಾಗಿ, ಸ್ಟೋಮಾದ ಪಕ್ಕದಿಂದ ಕರುಳಿನ ಇನ್ನೊಂದು ಮಡಿಕೆ ಚರ್ಮದ ಕೆಳಗೆ ಜಾರಿ ಬರುತ್ತದೆ. ಇದೇ ಹರ್ನಿಯಾ.

ಇದು ಎಷ್ಟು ಸಾಮಾನ್ಯವೆಂದರೆ, ಯುರೋಪಿನ ಹರ್ನಿಯಾ ತಜ್ಞರ ಸಂಘ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಅಂದಾಜಿನಂತೆ ಶಾಶ್ವತ ಕೊಲಾಸ್ಟಮಿ ಆದವರಲ್ಲಿ ವರ್ಷದೊಳಗೆ ಶೇ 30ಕ್ಕಿಂತ ಹೆಚ್ಚು, ಎರಡು ವರ್ಷದೊಳಗೆ ಶೇ 40, ಇನ್ನೂ ಮುಂದಕ್ಕೆ ಅರ್ಧದಷ್ಟು ಜನರಿಗೆ ಹರ್ನಿಯಾ ಬರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಬರುವುದನ್ನು ರೋಗಿಗೆ ಮೊದಲೇ ಹೇಳದಿರುವುದು ನನಗೆ ಸರಿ ಕಾಣುವುದಿಲ್ಲ. ವಯಸ್ಸಾದವರು, ಹೊಟ್ಟೆಯ ಬೊಜ್ಜಿರುವವರು, ಬೀಡಿ ಸಿಗರೇಟು ಸೇದುವವರು, ವಾಸಿಯಾಗದ ಕೆಮ್ಮಿನವರು, ಬಹಳ ದಿನ ಸ್ಟೀರಾಯ್ಡ್ ನುಂಗಿದವರು ಹೆಚ್ಚು ಜಾಗ್ರತೆಯಿಂದಿರಬೇಕು. ಹಾಗೆಂದು ಎಲ್ಲ ಜಾಗ್ರತೆ ಮಾಡಿದವರಿಗೂ ಬರುತ್ತದೆ. “ನಾನೇ ಏನೋ ತಪ್ಪು ಮಾಡ್ದೆ” ಎಂದು ದೊಡ್ಡಮ್ಮ ಕೊರಗುತ್ತಿದ್ದಳು. ಆಪರೇಷನ್ ಆದ ಆರನೇ ವಾರಕ್ಕೇ ಕೊಳಾಯಿಯಿಂದ ನೀರು ಹೊತ್ತಿದ್ದಳಂತೆ. ತುಂಬಿದ ಕೊಡವೆಂದರೆ 10 ಕಿಲೋಗೂ ಮೇಲೆ. ಹೊರಬಾರದೆಂದು ಗೊತ್ತಿದ್ದರೆ ತಾನೆ ಬಿಡುವುದು?

ಅವಳಿಗೆ ದಾರಿ ತೋರಿಸಿದ್ದು ಆಮೇಲೆ ಸಿಕ್ಕಿದ ಒಬ್ಬ ಸ್ಟೋಮಾ ನರ್ಸ್. ಆಕೆ ಮೊದಲು ಕೇಳಿದ್ದು ಒಂದೇ: “ಅಮ್ಮಾ, ಬೆಳಿಗ್ಗೆ ಹೇಗೆ ಏಳ್ತೀರಿ? ಎದ್ದು ತೋರಿಸಿ.” ದೊಡ್ಡಮ್ಮ ಅಂಗಾತ ಮಲಗಿದ್ದವಳು ಎಲ್ಲರ ಹಾಗೆ ಹೊಟ್ಟೆ ಬಿಗಿದು ಸಟ್ಟನೆ ಎದ್ದು ಕೂತಳು. ಉಬ್ಬು ಎದ್ದು ಕಂಡಿತು. ನರ್ಸ್ ಮತ್ತೆ ಮಲಗಿಸಿದರು. ಮೊದಲು ಮಂಡಿ ಎರಡನ್ನೂ ಮಡಿಸಬೇಕು. ಹೆಗಲು, ಸೊಂಟ, ಮಂಡಿ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಬೇಕು. ಕಾಲು ಮಂಚದಿಂದ ಕೆಳಗಿಳಿಯುತ್ತಿದ್ದ ಹಾಗೆ ಕೆಳಗಿನ ಮೊಣಕೈ ಊರಿ, ಇನ್ನೊಂದು ಅಂಗೈಯನ್ನು ಹಾಸಿಗೆಗೆ ಒತ್ತಿ ಏಳಬೇಕು. ಭಾರವೆಲ್ಲ ತೋಳಿನ ಮೇಲೆ, ಹೊಟ್ಟೆಯ ಮೇಲೆ ಅಲ್ಲ. ಕೆಮ್ಮು ಬರುವಂತಾದರೆ ಮೊದಲೇ ಚೀಲದ ಮೇಲೆ ಅಂಗೈ ಇಟ್ಟು ಒಳಕ್ಕೆ ಅದುಮಿ ಹಿಡಿಯಬೇಕು. ನಾಲ್ಕು ಸಲ ಮಾಡಿಸಿದರು. ಐದನೇ ಸಲ ದೊಡ್ಡಮ್ಮ ತಾನೇ ಎದ್ದಳು, ಉಬ್ಬು ಕಾಣಲಿಲ್ಲ. ಆಪರೇಷನ್ ಆದ ವಾರದಲ್ಲೇ ಕಲಿಸಬೇಕಾದ ಪಾಠವಿದು. ಕಲಿಸಲು ಹತ್ತು ನಿಮಿಷ ಸಾಕು.

ಇನ್ನೂ ಹಿಂದಕ್ಕೆ ಹೋದರೆ, ಆಪರೇಷನ್ನಿಗೆ ಮೊದಲೇ ಆಗಬೇಕಾದ ಕೆಲಸವೊಂದಿದೆ. ಸ್ಟೋಮಾ ಎಲ್ಲಿ ಬರಬೇಕೆಂದು ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗುರುತು ಮಾಡುವುದು. ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದ ಮೇಲೆ ಗುರುತು ಹಾಕಬೇಕು. ಹೊಟ್ಟೆಯ ಮುಂಭಾಗದ ಉದ್ದ ಸ್ನಾಯುವಿನ ಮೇಲೆ, ಮಡಿಕೆ ಬೀಳದ ಕಡೆ, ರೋಗಿಯ ಕಣ್ಣಿಗೆ ಕಾಣುವ ಕಡೆ ಅದು ಬರಬೇಕು. ನಮ್ಮ ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ. ಲಂಗದ ಲಾಡಿ ಎಲ್ಲಿ ಕಟ್ಟುತ್ತಾರೆ, ನೆರಿಗೆ ಎಲ್ಲಿ ಸಿಕ್ಕಿಸುತ್ತಾರೆ, ಪಂಚೆಯ ಕಟ್ಟು, ಉಡಿದಾರ ಎಲ್ಲಿ ಕೂರುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಲು ಕೂತರೆ ಹೊಟ್ಟೆ ಹೇಗೆ ಮಡಿಯುತ್ತದೆ ಎಂಬುದನ್ನೂ ನೋಡಬೇಕು. ದೊಡ್ಡಮ್ಮನ ಲಾಡಿ ಸರಿಯಾಗಿ ಚೀಲದ ಮೇಲೆ ಬರುತ್ತಿತ್ತು. ಈಗ ಒಂದು ಗೇಣು ಮೇಲಕ್ಕೆ ಕಟ್ಟುತ್ತಾಳೆ.

ಹರ್ನಿಯಾ ಬಂದ ಮೇಲೆ ದಿನನಿತ್ಯದ ಕಾಟವೆಂದರೆ ಸೋರುವುದು. ಚೀಲದ ಕಥೆ ನಿಜಕ್ಕೂ ದೊಡ್ಡದು: 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್, ಸ್ಟೋಮಾ ಆದ ತನ್ನ ತಂಗಿ ಮನೆಯಿಂದ ಹೊರಗೆ ಕಾಲಿಡಲು ಹೆದರುವುದನ್ನು ನೋಡಲಾರದೆ, ಮೈಗೆ ಅಂಟುವ ಚೀಲದ ಉಪಾಯ ಕಂಡುಹಿಡಿದರು. ಆದರೆ ಅದು ಅಂಟುವುದು ಸಪಾಟು ಜಾಗಕ್ಕೆ. ಉಬ್ಬಿದ ಚರ್ಮದ ಮೇಲೆ ಅಂಚು ಏಳುತ್ತದೆ, ಮಲ ತಗುಲಿ ಸುತ್ತ ಹುಣ್ಣಾಗುತ್ತದೆ. ಸ್ಟೋಮಾದ ಆಕಾರವೂ ಬದಲಾಗುವುದರಿಂದ ಹಳೆಯ ಅಳತೆಗೇ ಫ್ಲ್ಯಾಂಜ್, ಅಂದರೆ ಚರ್ಮಕ್ಕೆ ಅಂಟುವ ಬಿಲ್ಲೆ, ಕತ್ತರಿಸುತ್ತ ಕೂರಬಾರದು, ಮತ್ತೆ ಅಳೆಯಬೇಕು. ಹೊಟ್ಟೆಗೆ ಕಟ್ಟುವ ಬೆಲ್ಟ್ ಬಹಳ ಜನರಿಗೆ ಆಸರೆ. ಅದನ್ನು ಬೆಳಿಗ್ಗೆ ಏಳುವ ಮೊದಲು, ಉಬ್ಬು ಒಳಗಿರುವಾಗ, ಮಲಗಿದ ಹಾಗೇ ಕಟ್ಟಿಕೊಳ್ಳಬೇಕು.

ಮತ್ತೊಂದು ಆಪರೇಷನ್ ಮಾಡಿಸಿಬಿಡೋಣ ಎಂದು ನಾವೆಲ್ಲ ಅವಸರಪಟ್ಟೆವು. ಡಾಕ್ಟರು ತಡೆದರು. ಬಲೆಯಂಥ ಮೆಷ್ ಇಟ್ಟು ಸರಿಪಡಿಸುವ ವಿಧಾನಗಳಿವೆ. ಅಮೆರಿಕದ ಸರ್ಜನ್ ಪಾಲ್ ಶುಗರ್‌ಬೇಕರ್ ಅವರ ಹೆಸರಿನ ವಿಧಾನವೂ ಅವುಗಳಲ್ಲೊಂದು. ಆದರೂ ಹರ್ನಿಯಾ ಮರಳಿ ಬರುವುದು ಅಪರೂಪವಲ್ಲ. ಶಾಶ್ವತ ಕೊಲಾಸ್ಟಮಿ ಮಾಡುವ ಮೊದಲ ಆಪರೇಷನ್ನಿನಲ್ಲೇ ಮುನ್ನೆಚ್ಚರಿಕೆಗೆ ಮೆಷ್ ಹಾಕಬೇಕೆಂದು 2018ರ ಮಾರ್ಗಸೂಚಿ ಹೇಳಿದೆ, ಆದರೆ ಅದರ ಲಾಭದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಹೆಚ್ಚು ಕಾಟವಿಲ್ಲದ ಹರ್ನಿಯಾವನ್ನು ಬೆಲ್ಟಿನ ಆಸರೆಯಲ್ಲಿ ಕಾದು ನೋಡುವುದೇ ರೂಢಿ. ಆದರೆ ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ತಡೆಯಲಾರದ ನೋವು, ವಾಂತಿ ಬಂದರೆ, ಚೀಲಕ್ಕೆ ಏನೂ ಬೀಳದಿದ್ದರೆ, ಸ್ಟೋಮಾ ಕಪ್ಪಿಟ್ಟರೆ ಬೆಳಗಾಗಲಿ ಎಂದು ಕಾಯಬೇಡಿ. ಕರುಳು ಸಿಕ್ಕಿಕೊಂಡಿರಬಹುದು, ಆಗ ಒಂದೊಂದು ಗಂಟೆಯೂ ಮುಖ್ಯ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹೊಸ ಉಬ್ಬಿಲ್ಲ, ಹಳೆಯದು ಹಾಗೇ ಇದೆ, ಬೆಲ್ಟಿನ ಕೆಳಗೆ. ಬೆಳಿಗ್ಗೆ ನೀರು ಬಿಟ್ಟಾಗ ಸೊಸೆ ಕೊಡ ತಂದಿಟ್ಟಳು. ದೊಡ್ಡಮ್ಮ ತನ್ನದೊಂದು ಹಿತ್ತಾಳೆ ಚೊಂಬು ಹಿಡಿದು ಹೊರಟಳು. ಕೊಳಾಯಿಯಿಂದ ತುಳಸಿಕಟ್ಟೆಗೆ, ಅಲ್ಲಿಂದ ಮಲ್ಲಿಗೆ ಬಳ್ಳಿಗೆ, ಮತ್ತೆ ಕೊಳಾಯಿಗೆ. ನಾನು ಎದ್ದು ಕೈಚಾಚಿದೆ. “ಇಷ್ಟು ನಂಗೆ ಬಿಡು” ಅಂದಳು.