ಸಹಿ ಅಪ್ಪನದು, ಪ್ರಾರ್ಥನೆ ಯಾರದು?

ಘಟ್ಟದ ಮೇಲಿನ ಕಾನ್ವೆಂಟ್‌ಗಳಲ್ಲಿ ಓದಿದವರಿಗೆ ಈ ದೃಶ್ಯ ನೆನಪಿರಬಹುದು. ವಾರದ ಒಂದು ಪಿರಿಯಡ್‌ನಲ್ಲಿ ನಮ್ಮ ತರಗತಿ ಎರಡಾಗುತ್ತಿತ್ತು. ನಾಲ್ಕೈದು ಮಕ್ಕಳು ಎದ್ದು ಚರ್ಚಿನ ಪಕ್ಕದ ಕೋಣೆಗೆ ಕ್ಯಾಟಿಕಿಸಂಗೆ, ಅಂದರೆ ಧರ್ಮೋಪದೇಶಕ್ಕೆ ಹೋಗುತ್ತಿದ್ದರು. ಹವ್ಯಕರು, ನಾಮಧಾರಿಗಳು, ಮುಸ್ಲಿಮರು ಎಲ್ಲ ಸೇರಿದ ಉಳಿದ ನಾವು ಮಾರಲ್ ಸೈನ್ಸ್ ಪುಸ್ತಕ ತೆರೆದಿಟ್ಟು, ಅದರಲ್ಲೇ ಬುಕ್ ಕ್ರಿಕೆಟ್ ಆಡುತ್ತಿದ್ದೆವು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಲೆಕ್ಕ ಉಲ್ಟಾ. ಮೇರಿಯಮ್ಮನ ಗವಿಯ ಮುಂದೆ ದಾಸವಾಳ ಇಟ್ಟು ಕೈಮುಗಿಯುವವರಲ್ಲಿ ಹೆಚ್ಚಿನವರು ಮಾರಲ್ ಸೈನ್ಸ್ ಬ್ಯಾಚಿನವರೇ. ಮಾರಿಕಾಂಬೆಗೊಂದು ಹರಕೆ, ಇಲ್ಲೊಂದು ಹರಕೆ, ಆಮೇಲೆ ಗಣಿತದ ಪೇಪರ್.

ಆಗ ಇದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಈಗ ಮಾಡುತ್ತಾರೆ. ಕ್ರೈಸ್ತ ಶಾಲೆಯೊಂದು ತನ್ನ ಮಕ್ಕಳಿಗೆ ದೇವರು, ಪ್ರಾರ್ಥನೆ ಕಲಿಸಬಹುದೇ? ಯಾರಿಗೆ, ಎಷ್ಟು, ಯಾರ ಒಪ್ಪಿಗೆಯಿಂದ? ವಾಟ್ಸ್ಆ್ಯಪ್‌ನಲ್ಲಿ ಇದಕ್ಕೆ ಎರಡೇ ಉತ್ತರ. ಒಂದು, 'ಅವರ ಶಾಲೆ, ಅವರಿಷ್ಟ'. ಇನ್ನೊಂದು, 'ಎಲ್ಲ ಮತಾಂತರದ ಹುನ್ನಾರ'. ಕಾನೂನು ಹೇಳುವುದು ಎರಡನ್ನೂ ಅಲ್ಲ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಇದು ಎಲ್ಲರಿಗೂ ಗೊತ್ತು. ಎರಡು ಹೆಜ್ಜೆ ಹಿಂದೆ, 28ನೇ ವಿಧಿಯ ಮೂರನೇ ಉಪವಿಧಿಯನ್ನು ಓದಿದವರು ಕಡಿಮೆ. ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯಲ್ಲಿ ವಿದ್ಯಾರ್ಥಿಯನ್ನು ಅವನ ಒಪ್ಪಿಗೆ ಇಲ್ಲದೆ, ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಆರಾಧನೆಗೆ ನಿಲ್ಲಿಸುವಂತಿಲ್ಲ. ಇಲ್ಲಿ 'ಮಾನ್ಯತೆ' ಅನ್ನುವ ಪದ ಗಮನಿಸಿ. ನಾವು ಸರ್ಕಾರದ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ ಅನ್ನುವ ಖಾಸಗಿ ಶಾಲೆಗೂ ಇದು ಅನ್ವಯ.

ಎಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳುವುದಾದರೆ ಇದು ಡಿಫಾಲ್ಟ್ ಸೆಟ್ಟಿಂಗ್‌ನ ವಿಷಯ. ಸಂವಿಧಾನದ ಡಿಫಾಲ್ಟ್ 'ಇಲ್ಲ'. ಬೇಕಾದವರು ಸ್ವಿಚ್ ಹಾಕಿಕೊಳ್ಳಬೇಕು. ಬಹಳಷ್ಟು ಶಾಲೆಗಳು ಅಂದುಕೊಂಡಿರುವುದು ತದ್ವಿರುದ್ಧ: ಎಲ್ಲರಿಗೂ ಆನ್, ತಕರಾರಿದ್ದವರು ಬಂದು ಹೇಳಲಿ. ಹತ್ತು ವರ್ಷದ ಹುಡುಗಿ ಅಸೆಂಬ್ಲಿಯ ಸಾಲಿನಿಂದ ಹೊರಬಂದು ತಕರಾರು ಹೇಳುತ್ತಾಳೆಯೇ?

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲ್ ಸುದ್ದಿಯಾದದ್ದು ಇಲ್ಲಿಯೇ. ಮಗು ಬೈಬಲ್ ತರಗತಿಗೆ ಹಾಜರಾಗುತ್ತದೆ, ಬೈಬಲ್ ತರಲು ಆಕ್ಷೇಪವಿಲ್ಲ ಎಂದು ಪೋಷಕರು ಪ್ರವೇಶ ಅರ್ಜಿಯಲ್ಲೇ ಒಪ್ಪಬೇಕಿತ್ತು. ಹಿಂದೂ ಜನಜಾಗೃತಿ ಸಮಿತಿ ಗದ್ದಲ ಎಬ್ಬಿಸಿತು. ಎಬ್ಬಿಸಿದವರ ಉದ್ದೇಶದ ಬಗ್ಗೆ ನನಗೆ ಅನುಮಾನವಿದೆ, ಪ್ರಶ್ನೆಯ ಬಗ್ಗೆ ಇಲ್ಲ. ಸಹಿ ಹಾಕದಿದ್ದರೆ ಸೀಟು ಸಿಗದು ಎಂಬ ಭಯದಲ್ಲಿ ಹಾಕಿದ ಸಹಿಯನ್ನು ಒಪ್ಪಿಗೆ ಅನ್ನಲಾಗದು. ಆ್ಯಪ್ ಹಾಕಿಕೊಳ್ಳುವಾಗ 'ಐ ಅಗ್ರೀ' ಒತ್ತಿದ ಹಾಗೆ, ಅಷ್ಟೇ.

ಇದೇ ಅಳತೆಗೋಲನ್ನು ನಮ್ಮೂರಿಗೂ ಹಿಡಿಯಬೇಕಲ್ಲ. ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದದ್ದು 2011ರಲ್ಲಿ ರಾಜ್ಯಮಟ್ಟದ ವಿವಾದವಾಯಿತು. ಶಿಕ್ಷಣ ಇಲಾಖೆ ಅದಕ್ಕೆ ಸುತ್ತೋಲೆಯ ಬೆಂಬಲ ಕೊಟ್ಟಿತ್ತು. ಆಗಿನ ಶಿಕ್ಷಣ ಸಚಿವರು ಶಿರಸಿಯ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಒಕ್ಕೂಟ ಹೈಕೋರ್ಟಿಗೆ ಹೋಯಿತು, ಕಡ್ಡಾಯವೇನಲ್ಲ ಎಂದು ಸರ್ಕಾರ ಹೇಳಿತು. ಮೇಷ್ಟ್ರು ಮುಂದೆ ನಿಂತು ಶ್ಲೋಕ ಹೇಳಿಸುವಾಗ ಕಡ್ಡಾಯವಲ್ಲದ್ದೂ ಹೇಗೆ ಕಡ್ಡಾಯವಾಗುತ್ತದೆ ಎಂದು ಆ ದಿನ ವಾದಿಸಿದವರು ಕ್ರೈಸ್ತ ಶಾಲೆಗಳವರು. ಕ್ಲಾರೆನ್ಸ್ ವಿಷಯದಲ್ಲಿ ಅದೇ ವಾದ ಹೂಡಿದವರು ಆ ಕಡೆಯವರು. ಇಬ್ಬರೂ ಎದುರಾಳಿಯ ಶಾಲೆಗೆ ಹೋದಾಗ ಸರಿಯಾಗಿಯೇ ಯೋಚಿಸುತ್ತಾರೆ ನೋಡಿ.

ಧರ್ಮದ ಬಗ್ಗೆ ಮಾತೇ ಎತ್ತಬಾರದು ಅಂತಲ್ಲ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಬೇರೆ, ಧಾರ್ಮಿಕ ಬೋಧನೆ ಬೇರೆ ಎಂದು ಗೆರೆ ಎಳೆದಿದೆ. ಯೇಸು ಯಾರು ಎಂದು ಎಲ್ಲರಿಗೂ ಪಾಠ ಮಾಡಬಹುದು. ಯೇಸುವಿಗೆ ಪ್ರಾರ್ಥಿಸು ಎನ್ನುವಾಗ ಒಪ್ಪಿಗೆ ಬೇಕು.

ಅಪನಂಬಿಕೆ ಇಂದಿನದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯ ಮೂವರು ಬ್ರಾಹ್ಮಣ ಹುಡುಗರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕೆರಳಿತು, ಮೇಲ್ಜಾತಿಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಮೂವರಲ್ಲಿ ಒಬ್ಬರಾದ ಆನಂದರಾವ್ ಕೌಂಡಿನ್ಯ ಮುಂದೆ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಅವರೇ ಬಯಸಿದ ದಾರಿ ಅದು ಎಂದು ಅವರ ಬದುಕು ಹೇಳುತ್ತದೆ. ಬಿಡಿಸಿಕೊಂಡು ಹೋದ ಅಪ್ಪಂದಿರ ಭಯವೂ ಸುಳ್ಳಾಗಿರಲಿಲ್ಲ.

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಬರೋಣ. ಉತ್ತರ ಕನ್ನಡದಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ಶೇ. 3ರ ಆಸುಪಾಸು. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ಆಯಿತು. ಶಿರಸಿಯ ಡಾನ್ ಬಾಸ್ಕೊ, ಆವೆ ಮರಿಯಾ, ಯಲ್ಲಾಪುರದ ಹೋಲಿ ರೋಸರಿ ಇಂಥ ಹೆಸರುಗಳನ್ನು ಇಲ್ಲಿ ಅಡಕೆ ತೋಟದವರೂ ಮನೆಮಾತಿನಂತೆ ಹೇಳುತ್ತಾರೆ, ಅಡ್ಮಿಷನ್‌ಗೆ ಓಡುತ್ತಾರೆ. ಹಾಗಾಗಿ ಈ ಭಾಗದಲ್ಲಿ ಕ್ರೈಸ್ತ ಮಗು ತನ್ನದೇ ಶಾಲೆಯಲ್ಲೂ ಅಲ್ಪಸಂಖ್ಯಾತ.

ಚರ್ಚೆಯಲ್ಲಿ ಕಳೆದುಹೋಗುವುದು ಆ ಮಗುವೇ. ವಿವಾದ ಬೇಡವೆಂದು ಶಾಲೆಗಳು 'ಸರ್ವಧರ್ಮ ಪ್ರಾರ್ಥನೆ'ಯ ದಾರಿ ಹಿಡಿಯುತ್ತವೆ. ಕ್ಯಾಥೊಲಿಕ್ ಬಿಷಪರ ಮಂಡಳಿಯೇ 2024ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು: ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಸಂಪ್ರದಾಯ ಹೇರಬೇಡಿ, ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ, ಸಾಧ್ಯವಾದರೆ ಸರ್ವಧರ್ಮ ಪ್ರಾರ್ಥನಾಲಯ ಮಾಡಿ. ಒಳ್ಳೆಯ ಮಾರ್ಗಸೂಚಿ. ಆದರೆ ಎಲ್ಲರಿಗೂ ಒಗ್ಗುವ ಪ್ರಾರ್ಥನೆ ಕೊನೆಗೆ ಯಾರದೂ ಅಲ್ಲದ ಪ್ರಾರ್ಥನೆಯಾಗುವ ಅಪಾಯವಿದೆ. ಪೇಟೆಯ ಕೊಂಕಣಿ ಕುಟುಂಬದ ಮಗುವಿಗೆ ಮನೆಯಲ್ಲಿ ಸಂಜೆಯ ಜಪಮಾಲೆ ಇದೆ, ಭಾನುವಾರ ಚರ್ಚಿದೆ. ಯಲ್ಲಾಪುರದ ಕಾಡಂಚಿನ ಸಿದ್ದಿ ಮಗುವಿಗೆ?

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಊರಿಂದ ದೂರದ ಹಾಸ್ಟೆಲಿನಲ್ಲಿರುವ ಕ್ರೈಸ್ತ ಸಿದ್ದಿ ಹುಡುಗನಿಗೆ ಪ್ರಾರ್ಥನೆ, ಹಾಡು, ಹಬ್ಬ ಎಲ್ಲ ಸಿಗಬೇಕಾದದ್ದು ಶಾಲೆಯಲ್ಲೇ. ಆದರೆ 2022ರ ಕರ್ನಾಟಕದ ಮತಾಂತರ ತಡೆ ಕಾನೂನು 'ಆಮಿಷ'ದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. ಮತಾಂತರಗೊಂಡವರು ಅಪ್ರಾಪ್ತರು, ಮಹಿಳೆಯರು ಅಥವಾ ಪರಿಶಿಷ್ಟರಾಗಿದ್ದರೆ ಶಿಕ್ಷೆ 3ರಿಂದ 10 ವರ್ಷ. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಆದರೆ ಕಾನೂನು ಬಿತ್ತಿದ ಹೆದರಿಕೆ ಸಂಪುಟದ ಒಂದು ತೀರ್ಮಾನಕ್ಕೆ ಹೋಗುವಂಥದ್ದಲ್ಲ. ಉಚಿತವಾಗಿ ಓದಿಸುವುದೇ ಅನುಮಾನದ ಕೆಲಸವಾದರೆ, ಹುಟ್ಟಿನಿಂದಲೇ ಕ್ರೈಸ್ತನಾದ ಹುಡುಗನಿಗೆ ಬೈಬಲ್ ಕಲಿಸಲೂ ಸಿಸ್ಟರ್ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

28(3) ಇಂಥ ಶಾಲೆಗಳ ಕೈಕಟ್ಟುವ ವಿಧಿ ಎಂದು ಹಲವರು ಭಾವಿಸಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಪ್ಪಿಗೆ ಚೊಕ್ಕವಾಗಿದ್ದರೆ ಬಾಗಿಲು ತೆರೆದಿಟ್ಟು ಕಲಿಸಬಹುದು. ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಡ, ಪ್ರವೇಶ ಅರ್ಜಿಯಿಂದ ಬೇರೆಯಾದ ಒಂದು ಹಾಳೆ ಸಾಕು. ಸೀಟು ಖಾತ್ರಿಯಾದ ಮೇಲೆ ಕೊಡಬೇಕು, ಕನ್ನಡದಲ್ಲಿರಬೇಕು. ಕ್ಯಾಟಿಕಿಸಂಗೆ ಒಂದು ಸಾಲು, ಪೂಜೆಗೆ ಇನ್ನೊಂದು ಸಾಲು, ವರ್ಷದ ಮಧ್ಯೆ ಬೇಡವೆನಿಸಿದರೆ ಹಿಂಪಡೆಯಲು ಮತ್ತೊಂದು. ಪಿಯುಸಿಯಲ್ಲಿ 18 ತುಂಬಿದವರಿದ್ದರೆ ಅಪ್ಪನ ಸಹಿ ಸಾಲದು, ಅವರದೇ ಸಹಿ ಬೇಕು. ಸಂವಿಧಾನ ಹೇಳುವುದೂ ಹಾಗೆಯೇ.

ಬೇಡವೆಂದವರಿಗೆ ಆ ಪಿರಿಯಡ್‌ನಲ್ಲಿ ಏನಾದರೂ ಕೆಲಸವನ್ನೂ ಕೊಡಬೇಕು. ಅಂದು ಕ್ಯಾಟಿಕಿಸಂಗೆ ಎದ್ದು ಹೋಗುತ್ತಿದ್ದ ಗೆಳೆಯನೊಬ್ಬ ಇತ್ತೀಚೆಗೆ ಸಿಕ್ಕಾಗ ಹೇಳಿದ: 'ನಂಗೆ ಅಲ್ಲಿ ಕೂತಾಗೆಲ್ಲ ಒಂದೇ ಯೋಚನೆ ಮಾರಾಯ, ನೀವು ಇಷ್ಟೊತ್ತಿಗೆ ಎಷ್ಟು ರನ್ ಹೊಡ್ದಿರಬಹುದು ಅಂತ.'